ವಾಲಿದ ಗಾಲಿಯ ಚರಿತ್ರೆ

ಗಾಲಿಯೆಂದರೆ ನೆಲಕ್ಕೆ ಲಂಬವಾಗಿ, ನೆಟ್ಟಗೆ ನಿಂತು ಉರುಳುವ ವಸ್ತು ಎಂಬುದು ನಮ್ಮೆಲ್ಲರ ಸಾಮಾನ್ಯ ತಿಳಿವಳಿಕೆ. ಅದರ ಚರಿತ್ರೆಯನ್ನು ಸ್ವಲ್ಪ ಕೆದಕಿ ನೋಡಿದರೆ ಅದು ನಿಜಕ್ಕೂ ನೆಟ್ಟಗೆ ನಿಂತಿದ್ದ ಕಾಲ ಬಹಳ ಕಡಿಮೆಯೆಂದು ಗೊತ್ತಾಗುತ್ತದೆ. ಮರದ ಗಾಡಿಯ ಕಾಲದಲ್ಲಿ ಅದು ಹೊರಕ್ಕೆ ವಾಲಿತ್ತು. ವೇಗದ ಕಾರುಗಳ ಕಾಲದಲ್ಲಿ ಒಳಕ್ಕೆ ವಾಲಿತು. ಹೀಗೆ ಎತ್ತ ವಾಲಿದರೂ ಅದಕ್ಕೆ ಬೆಲೆ ತೆರುವವರು ಒಬ್ಬರು ಇದ್ದೇ ಇದ್ದರು. ಮೊದಲು ರಸ್ತೆಯ ಕಲ್ಲು, ಆಮೇಲೆ ಟೈರಿನ ರಬ್ಬರು.

ಈ ವಿಷಯವನ್ನು ಈಗ ಎತ್ತಿಕೊಳ್ಳಲು ಒಂದು ಕಾರಣವಿದೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿಯೂ ನಮ್ಮ ಬಂಧುವರ್ಗದ ಹುಡುಗರಲ್ಲಿಯೂ ಕೆಲವರಿಗೆ ಕಾರನ್ನು ನೆಲಕ್ಕೆ ತಗ್ಗಿಸುವ ಹುಚ್ಚು ಹಿಡಿದಿದೆ. ಕಂಪನಿ ಕೊಟ್ಟ ಸ್ಪ್ರಿಂಗನ್ನು ತೆಗೆದು ಗಿಡ್ಡನೆಯದನ್ನು ಹಾಕಿಸುತ್ತಾರೆ. ಕಾರು ಹೊಂಚು ಹಾಕಿದ ಬೆಕ್ಕಿನಂತೆ ಕಾಣುತ್ತದೆ; ಚೆಂದವಿಲ್ಲವೆಂದು ನಾನು ಹೇಳಲಾರೆ. ಕೆಲವು ತಿಂಗಳು ಕಳೆದ ಮೇಲೆ, ಟೈರಿನ ಒಂದೇ ಅಂಚು ಸವೆಯುತ್ತದಲ್ಲ, ಏಕೆ ಸಾರ್ ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ಅರ್ಧ ಉತ್ತರ ಗ್ಯಾರೇಜಿನಲ್ಲಿ ಸಿಗುತ್ತದೆ. ಮಿಕ್ಕರ್ಧಕ್ಕೆ ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕು.

ಇಂಗ್ಲೆಂಡಿನ ಫಾರ್ನಮ್ ಎಂಬ ಊರಿನಲ್ಲಿ ಜಾರ್ಜ್ ಸ್ಟರ್ಟ್ ಎಂಬ ಶಾಲಾ ಉಪಾಧ್ಯಾಯನಿದ್ದನು. 1884ರಲ್ಲಿ ತಂದೆ ತೀರಿಕೊಂಡಾಗ ಪಾಠ ಹೇಳುವುದನ್ನು ಬಿಟ್ಟು, ಮನೆತನದ ಗಾಡಿ ಮಾಡುವ ಕಾರ್ಖಾನೆಯನ್ನು ವಹಿಸಿಕೊಳ್ಳಬೇಕಾಯಿತು. ಆ ಅನುಭವವನ್ನು 1923ರಲ್ಲಿ 'ದಿ ವೀಲ್‌ರೈಟ್ಸ್ ಷಾಪ್' ಎಂಬ ಪುಸ್ತಕವಾಗಿ ಪ್ರಕಟಿಸಿದನು. ಉಪಾಧ್ಯಾಯನಾದವನು ಬಡಗಿಗಳ ನಡುವೆ ನಿಂತು ಅವರಿಂದ ಪಾಠ ಕಲಿತ ಕಥೆಯಾದುದರಿಂದ ಆ ಪುಸ್ತಕದ ಮೇಲೆ ನನಗೆ ವಿಶೇಷವಾದ ಪ್ರೀತಿ. ಅವನ ಬಡಗಿಗಳು ಗಾಲಿಯನ್ನು ಚಪ್ಪಟೆಯಾಗಿ ಮಾಡುತ್ತಿರಲಿಲ್ಲ. ಹೊರಮೈ ಒಳಗಿಳಿದ ಊಟದ ತಟ್ಟೆಯಂತೆ ತುಸು ಬೋಗುಣಿಯಾಗಿ ಮಾಡುತ್ತಿದ್ದರು. ಏಕೆಂದು ಕೇಳಿದರೆ ಅವರಲ್ಲಿ ಉತ್ತರವಿರಲಿಲ್ಲ. ಅಪ್ಪ ಹಾಗೆ ಮಾಡುತ್ತಿದ್ದ, ಅಜ್ಜ ಹಾಗೆ ಮಾಡುತ್ತಿದ್ದ, ಅಷ್ಟೇ. ಸ್ಟರ್ಟ್ ಬಹಳ ಕಾಲ ಯೋಚಿಸಿ ಕಾರಣವನ್ನು ಕಂಡುಕೊಂಡನು. ಕುದುರೆ ನಡೆಯುವಾಗ ಗಾಡಿ ಒಂದೊಂದು ಹೆಜ್ಜೆಗೂ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗುತ್ತದೆ. ಆ ತೂಗಾಟದ ಪೆಟ್ಟು ಗಾಲಿಯ ನಡುಭಾಗವನ್ನು ಒಳಗಿನಿಂದ ಹೊರಕ್ಕೆ ತಳ್ಳುತ್ತದೆ. ಚಪ್ಪಟೆ ಗಾಲಿಯಾದರೆ ಕ್ರಮೇಣ ಅದರ ಅರಗಳು ಸಡಿಲಗೊಂಡು ಒಳಮೈ ಹೊರಗಾಗಿ ಮಗುಚಿಕೊಳ್ಳುತ್ತದೆ. ಬೋಗುಣಿಯಾದರೆ ಆ ಪೆಟ್ಟನ್ನು ತಾಳಿಕೊಳ್ಳುತ್ತದೆ.

ಬೋಗುಣಿ ಗಾಲಿಯನ್ನು ನೇರವಾದ ಅಚ್ಚಿಗೆ ಸಿಕ್ಕಿಸಿದರೆ ಭಾರ ಹೊರುವ ಕೆಳಗಿನ ಅರ ಓರೆಯಾಗಿ ನಿಲ್ಲುತ್ತದೆ. ಆದುದರಿಂದ ಅಚ್ಚಿನ ತುದಿಗಳನ್ನು ಕೊಂಚ ಕೆಳಕ್ಕೆ ಬಾಗಿಸುತ್ತಿದ್ದರು. ಕೆಳಗಿನ ಅರ ನೆಟ್ಟಗಾಯಿತು; ಇಡೀ ಗಾಲಿ ಮಾತ್ರ ಮೇಲುಗಡೆ ಹೊರಕ್ಕೆ ವಾಲಿತು. ಇಂದಿನ ಮೆಕ್ಯಾನಿಕ್ಕುಗಳು 'ಪಾಸಿಟಿವ್ ಕ್ಯಾಂಬರ್' ಎನ್ನುವುದು ಈ ಹೊರವಾಲುವಿಕೆಯನ್ನೇ. ಮೇಲುಗಡೆ ಒಳಕ್ಕೆ ವಾಲಿದರೆ ಅದು ನೆಗೆಟಿವ್.

ಇಲ್ಲಿ ಒಂದು ಸಣ್ಣ ಪ್ರಯೋಗ. ಬಾಯಿ ಅಗಲವಾಗಿ ತಳ ಕಿರಿದಾಗಿರುವ ಸ್ಟೀಲ್ ಲೋಟವನ್ನು ನೆಲದ ಮೇಲೆ ಅಡ್ಡ ಮಲಗಿಸಿ ತಳ್ಳಿ ನೋಡಿ. ಅದು ನೇರವಾಗಿ ಹೋಗದೆ ವೃತ್ತಾಕಾರವಾಗಿ ಸುತ್ತುತ್ತದೆ. ವಾಲಿದ ಗಾಲಿಯೂ ನೆಲದ ಪಾಲಿಗೆ ಒಂದು ಲೋಟವೇ. ಅದಕ್ಕೆ ಸುತ್ತುವ ಆಸೆ. ಅಚ್ಚು ಅದನ್ನು ಹಿಡಿದು ನೇರವಾಗಿ ನಡೆಸುತ್ತದೆ. ಆ ಜಗ್ಗಾಟದಲ್ಲಿ ಗಾಲಿಯ ಅಂಚು ನೆಲವನ್ನು ಉಜ್ಜುತ್ತದೆ. ಇದನ್ನು 18ನೆಯ ಶತಮಾನದ ಕೊನೆಯಲ್ಲಿಯೇ ಲಂಡನ್ನಿನ ಅಲೆಕ್ಸಾಂಡರ್ ಕಮಿಂಗ್ ಎಂಬವನು ವಾದಿಸಿದ್ದನು. ಅಗಲ ಪಟ್ಟಿಯ ಶಂಕುವಿನಾಕಾರದ ಗಾಡಿಗಾಲಿಗಳು ರಸ್ತೆಯ ಕಲ್ಲನ್ನು ಅರೆದು ಹುಡಿ ಮಾಡುತ್ತವೆ, ಸಿಲಿಂಡರಿನಂಥ ಗಾಲಿಗಳು ಹಾಗೆ ಮಾಡುವುದಿಲ್ಲ ಎಂಬುದು ಅವನ ವಾದ. ಈ ಕಮಿಂಗ್ ವೃತ್ತಿಯಿಂದ ಗಡಿಯಾರ ಮಾಡುವವನು. 1775ರಲ್ಲಿ ನೀರು ಸುರಿದು ತೊಳೆಯುವ ಪಾಯಿಖಾನೆಗೆ ಪೇಟೆಂಟ್ ಪಡೆದವನೂ ಅವನೇ. ಕಬ್ಬಿಣದ ಪಟ್ಟಿ ಗಟ್ಟಿಯಾಗಿದ್ದುದರಿಂದ ಆಗ ನಷ್ಟವೆಲ್ಲ ರಸ್ತೆಯದಾಗಿತ್ತು.

ವಾಲುವುದು ಒಂದು ಕೋನ. ಗಾಲಿ ಎತ್ತ ಮುಖ ಮಾಡಿದೆ ಎಂಬುದು ಇನ್ನೊಂದು. ಗಾಡಿ ತಿರುಗುವಾಗ ಒಳಬದಿಯ ಗಾಲಿ ಸಣ್ಣ ವೃತ್ತದಲ್ಲಿಯೂ ಹೊರಬದಿಯದು ದೊಡ್ಡ ವೃತ್ತದಲ್ಲಿಯೂ ಸಾಗಬೇಕು. ಎರಡನ್ನೂ ಒಂದೇ ಕೋನಕ್ಕೆ ತಿರುಗಿಸಿದರೆ ಒಂದಾದರೂ ಉಜ್ಜಿಕೊಂಡು ಹೋಗಲೇಬೇಕು. ಮ್ಯೂನಿಕ್ ನಗರದಲ್ಲಿ ರಾಜಮನೆತನಕ್ಕೆ ಸಾರೋಟು ಮಾಡುತ್ತಿದ್ದ ಗಿಯೋರ್ಗ್ ಲಾಂಕೆನ್‌ಸ್ಪೆರ್ಗರ್ 1816ರ ಸುಮಾರಿಗೆ ಮುಂಗಾಲಿಗಳೆರಡೂ ಬೇರೆ ಬೇರೆ ಕೀಲಿನ ಮೇಲೆ ತಿರುಗುವ ಏರ್ಪಾಡನ್ನು ರೂಪಿಸಿದನು. ಅವನ ಪರವಾಗಿ ಲಂಡನ್ನಿನಲ್ಲಿ 1818ರಲ್ಲಿ ಪೇಟೆಂಟ್ ಪಡೆದವನು ರುಡಾಲ್ಫ್ ಆಕರ್‌ಮನ್ ಎಂಬ ಚಿತ್ರಪ್ರಕಾಶಕ. ಇಂದಿಗೂ ಎಂಜಿನಿಯರಿಂಗ್ ವಿದ್ಯಾರ್ಥಿಗಳು 'ಆಕರ್‌ಮನ್ ಸ್ಟೀರಿಂಗ್' ಎಂದೇ ಓದುತ್ತಾರೆ. ದುಡಿದವನ ಹೆಸರು ಹೋಗಿ ಅರ್ಜಿ ಕೊಟ್ಟವನ ಹೆಸರು ಉಳಿಯಿತು. ಸರ್ಕಾರಿ ನೌಕರಿ ಮಾಡಿದ ನಮ್ಮಂಥವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಕಾರ್ಲ್ ಬೆಂಜ್ 1886ರಲ್ಲಿ ಮಾಡಿದ ಮೊದಲ ಮೋಟಾರು ಗಾಡಿಗೆ ಮೂರೇ ಗಾಲಿಗಳಿದ್ದುದಕ್ಕೂ ಈ ತಿರುಗುವ ಸಮಸ್ಯೆಯೇ ಕಾರಣ. ಎರಡು ಮುಂಗಾಲಿಗಳನ್ನು ಸರಿಯಾಗಿ ತಿರುಗಿಸುವ ಉಪಾಯ ಅವನ ಕೈಗೆ ಹತ್ತಿದ್ದು 1893ರಲ್ಲಿ. ಅದಕ್ಕೆ ಪೇಟೆಂಟ್ ಪಡೆದು 'ವಿಕ್ಟೋರಿಯಾ' ಎಂಬ ನಾಲ್ಕು ಗಾಲಿಯ ಕಾರನ್ನು ಹೊರತಂದನು.

ಅಷ್ಟರಲ್ಲಿ ರಬ್ಬರು ಬಂದಿತ್ತು. ಗಾಳಿ ತುಂಬಿದ ಟೈರಿಗೆ ರಾಬರ್ಟ್ ಥಾಮ್ಸನ್ 1845ರಲ್ಲಿಯೇ ಪೇಟೆಂಟ್ ಪಡೆದಿದ್ದರೂ ಲೋಕ ಅದನ್ನು ಮರೆತಿತ್ತು. 1888ರಲ್ಲಿ ಡನ್‌ಲಪ್ ಸೈಕಲ್ಲಿಗಾಗಿ ಅದನ್ನು ಮತ್ತೆ ಕಂಡುಹಿಡಿದನು. 1895ರ ಪ್ಯಾರಿಸ್-ಬೋರ್ಡೋ-ಪ್ಯಾರಿಸ್ ಓಟದಲ್ಲಿ ಮಿಶೆಲಿನ್ ಸಹೋದರರು ಗಾಳಿ ಟೈರು ಹಾಕಿದ ಕಾರನ್ನು ಓಡಿಸಿ, ದಾರಿಯುದ್ದಕ್ಕೂ ಪಂಕ್ಚರ್ ಹಾಕುತ್ತ ಹೇಗೋ ಊರು ಮುಟ್ಟಿದರು. ಅಂದಿನಿಂದ ಲೆಕ್ಕ ತಿರುವುಮುರುವಾಯಿತು. ರಸ್ತೆ ಗಟ್ಟಿಯಾಯಿತು, ಗಾಲಿ ಮೆತ್ತಗಾಯಿತು. ಕೋನ ತಪ್ಪಿದ್ದಕ್ಕೆ ದಂಡ ಕಟ್ಟುವ ಸರದಿ ಗಾಲಿಯದಾಯಿತು.

ಹಳೆಯ ಕಾರುಗಳ ಮುಂಗಾಲಿಗಳೂ ಗಾಡಿಯ ಗಾಲಿಗಳಂತೆ ಹೊರಕ್ಕೆ ವಾಲಿದ್ದವು. ನಡು ಉಬ್ಬಿದ ರಸ್ತೆಗೆ ಅದು ಹೊಂದುತ್ತಿತ್ತು, ಸ್ಟೀರಿಂಗ್ ಹಗುರವಾಗುತ್ತಿತ್ತು. ಹೊರವಾಲಿದ ಗಾಲಿಗಳಿಗೆ ಲೋಟದಂತೆ ಹೊರಕ್ಕೆ ಸುತ್ತುವ ಚಪಲವಿರುವುದರಿಂದ, ಅದನ್ನು ಸರಿದೂಗಿಸಲು ಎರಡನ್ನೂ ಮುಂದುಗಡೆ ಒಂದಿಷ್ಟು ಹತ್ತಿರಕ್ಕೆ ತರುತ್ತಿದ್ದರು. ಕಾಲಿನ ಹೆಬ್ಬೆರಳುಗಳನ್ನು ಒಳಕ್ಕೆ ತಿರುಗಿಸಿ ನಿಂತಂತೆ. ಇದೇ 'ಟೋ-ಇನ್'. ಒಂದು ಓರೆಗೆ ಇನ್ನೊಂದು ಓರೆ ಮದ್ದು! 1934ರಲ್ಲಿ ಜನರಲ್ ಮೋಟಾರ್ಸಿನ ಮಾರಿಸ್ ಆಲಿ ಎಂಬ ಎಂಜಿನಿಯರನ ಪ್ರಯತ್ನದಿಂದ ಕ್ಯಾಡಿಲ್ಯಾಕ್ ಮೊದಲಾದ ಅಮೆರಿಕನ್ ಕಾರುಗಳ ಮುಂಗಾಲಿಗಳು ಒಂದನ್ನೊಂದು ಅವಲಂಬಿಸದೆ ಪ್ರತ್ಯೇಕವಾಗಿ ಏಳುವ ಬೀಳುವ ಏರ್ಪಾಡು ಬಂದಿತು. ಮೇಲಿನ ತೋಳು ಗಿಡ್ಡ, ಕೆಳಗಿನದು ಉದ್ದ. 1950ರ ಸುಮಾರಿಗೆ ಬ್ರಿಟನ್ನಿನ ಫೋರ್ಡ್ ಕಾರುಗಳಲ್ಲಿ ಅರ್ಲ್ ಮ್ಯಾಕ್‌ಫರ್ಸನ್ ಎಂಬವನ 'ಸ್ಟ್ರಟ್' ಬಂದಿತು. ಇಂದು ನಮ್ಮ ರಸ್ತೆಯ ಹೆಚ್ಚಿನ ಸಣ್ಣ ಕಾರುಗಳ ಮುಂಗಾಲಿ ನಿಂತಿರುವುದು ಅದರ ಮೇಲೆಯೇ. ಈ ಏರ್ಪಾಡುಗಳಿಂದ ಪ್ರಯಾಣ ಸುಖವಾಯಿತು. ಆದರೆ ಗಾಲಿಯ ವಾಲು ಸ್ಥಿರವಾಗಿ ಉಳಿಯಲಿಲ್ಲ. ಕಾರು ತಗ್ಗಿದಾಗ ಒಂದು, ಎದ್ದಾಗ ಒಂದು ಎಂದಾಯಿತು. ಇದು ನೆನಪಿರಲಿ.

ಈ ಬದಲಾವಣೆ ಬರಿಗಣ್ಣಿಗೆ ಕಾಣುತ್ತಿದ್ದುದು ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನಲ್ಲಿ. ಬ್ರಿಟನ್ನಿನಲ್ಲಿ 1959ರಲ್ಲಿ ಬಂದ ಟ್ರಯಂಫ್ ಹೆರಾಲ್ಡನ್ನೇ 1961ರಿಂದ ಮದರಾಸಿನಲ್ಲಿ ಆ ಹೆಸರಿನಿಂದ ತಯಾರಿಸುತ್ತಿದ್ದರು. ಅದರ ಹಿಂಗಾಲಿಗಳ ಅಚ್ಚುಗಳು ನಡುವಿನ ಪೆಟ್ಟಿಗೆಯಿಂದ ಹಕ್ಕಿಯ ರೆಕ್ಕೆಗಳಂತೆ ಆಡುತ್ತಿದ್ದವು. ನಾನು ಹುಡುಗನಾಗಿದ್ದಾಗ ನಮ್ಮ ಊರಿನ ವೈದ್ಯರೊಬ್ಬರಲ್ಲಿ ಒಂದು ಹೆರಾಲ್ಡ್ ಇತ್ತು. ಅವರ ಸಂಸಾರವೆಲ್ಲ ಹತ್ತಿ ಕುಳಿತರೆ ಹಿಂಗಾಲಿಗಳು ಕೆಳಗೆ ಅಗಲಿ, ಭಾರ ಹೊತ್ತ ಕತ್ತೆಯ ಕಾಲುಗಳಂತೆ ಆಗುತ್ತಿದ್ದವು. ಟೈರು ಬದಲಿಸಲು ಜಾಕ್ ಏರಿಸಿದಾಗ ಅವೇ ಗಾಲಿಗಳು ಕೆಳಗೆ ಒಳಕ್ಕೆ ಸೇರಿಕೊಳ್ಳುತ್ತಿದ್ದವು. 1972ರಲ್ಲಿ ಅದರ ಉತ್ತರಾಧಿಕಾರಿಯಾಗಿ ಬಂದ ಗೆಜೆಲ್ ಕಾರಿಗೆ ಹಿಂದುಗಡೆ ಒಂದೇ ಗಟ್ಟಿ ಅಚ್ಚು ಹಾಕಿದರು.

ಅಮೆರಿಕದಲ್ಲಿ ಇದೇ ಜಾತಿಯ ರೆಕ್ಕೆಯಚ್ಚು ದೊಡ್ಡ ವಿವಾದವಾಯಿತು. 1960ರ ಮಾದರಿಯಾಗಿ ಬಂದ ಷೆವರ್ಲೆ ಕೋರ್ವೇರ್ ಕಾರಿನಲ್ಲಿ ಎಂಜಿನ್ ಹಿಂದುಗಡೆ. ಬಿರುಸಾಗಿ ತಿರುಗಿಸಿದಾಗ ಹೊರಬದಿಯ ಹಿಂಗಾಲಿ ಕೆಳಗೆ ಮಡಿಸಿಕೊಳ್ಳುವ ಅಪಾಯವಿತ್ತು. ಅದನ್ನು ತಡೆಯಲೆಂದು ಕಂಪನಿ ಟೈರುಗಳ ಗಾಳಿಯನ್ನೇ ಮದ್ದಾಗಿ ಬಳಸಿತು. ಮುಂದಕ್ಕೆ 15 ಪೌಂಡು, ಹಿಂದಕ್ಕೆ 26 ಪೌಂಡು ಎಂದು ಸೂಚಿಸಿತು. ಪೆಟ್ರೋಲ್ ಬಂಕಿನ ಹುಡುಗ ನಾಲ್ಕಕ್ಕೂ ಒಂದೇ ಸಮ ಗಾಳಿ ಹೊಡೆದರೆ ಮುಗಿಯಿತು! ರಾಲ್ಫ್ ನೇಡರ್ 1965ರಲ್ಲಿ ಬರೆದ 'ಅನ್‌ಸೇಫ್ ಅಟ್ ಎನಿ ಸ್ಪೀಡ್' ಪುಸ್ತಕದ ಮೊದಲ ಅಧ್ಯಾಯ ಇದೇ ಕಾರನ್ನು ಕುರಿತದ್ದು. 1972ರಲ್ಲಿ ಸರ್ಕಾರಿ ಪರೀಕ್ಷೆಯ ವರದಿಯೊಂದು ಆ ಕಾರು ತನ್ನ ಕಾಲದ ಇತರ ಕಾರುಗಳಿಗಿಂತ ಕೆಟ್ಟದ್ದಲ್ಲವೆಂದು ಹೇಳಿದ್ದನ್ನೂ ಸೇರಿಸಿ ಹೇಳುವುದು ನ್ಯಾಯ. ಆದರೂ ಕಾರನ್ನು ಸುರಕ್ಷಿತವಾಗಿಡುವ ಹೊಣೆಯನ್ನು ಗಾಳಿ ಹೊಡೆಯುವವನ ಜ್ಞಾಪಕಶಕ್ತಿಗೆ ಒಪ್ಪಿಸಿದ್ದು ನನಗೆ ಸರಿಕಾಣುವುದಿಲ್ಲ.

ಇನ್ನು ತಗ್ಗಿಸಿದ ಕಾರುಗಳ ಸಂಗತಿ. ಇದರಲ್ಲಿ ಎರಡು ಪರಂಪರೆಗಳಿವೆ. ನಮ್ಮ ಹುಡುಗರು ಎರಡನ್ನೂ ಕಲಸಿಬಿಡುತ್ತಾರೆ.

ಒಂದು, ಓಟದ ಕಣದ್ದು. ಕಾರು ತಗ್ಗಾದಷ್ಟೂ ತಿರುವಿನಲ್ಲಿ ಕಡಿಮೆ ಹೊರಳುತ್ತದೆ. ತಿರುಗುವಾಗ ಮೈ ಹೊರಳಿ ಹೊರಬದಿಯ ಗಾಲಿ ಹೊರಕ್ಕೆ ವಾಲುವುದರಿಂದ, ಅದನ್ನು ಮೊದಲೇ ಒಳಕ್ಕೆ ವಾಲಿಸಿ ಇಟ್ಟರೆ ತಿರುವಿನ ಹೊತ್ತಿಗೆ ಸರಿಯಾಗಿ ಚಪ್ಪಟೆಯಾಗಿ ನೆಲವನ್ನು ಹಿಡಿಯುತ್ತದೆ. ಇದು ಶುದ್ಧ ಭೌತಶಾಸ್ತ್ರ. ಅಮೆರಿಕದ ಅಂಡಾಕಾರದ ಕಣಗಳಲ್ಲಿ ಕಾರುಗಳು ಎಡಕ್ಕೆ ಮಾತ್ರ ತಿರುಗುವುದರಿಂದ ಬಲಗಾಲಿಯನ್ನು ಒಳಕ್ಕೂ ಎಡಗಾಲಿಯನ್ನು ಹೊರಕ್ಕೂ ವಾಲಿಸುತ್ತಾರೆ. ಆದರೆ ಓಟದಲ್ಲಿಯೂ ಮಿತಿಯುಂಟು. 2011ರ ಬೆಲ್ಜಿಯನ್ ಗ್ರಾನ್ ಪ್ರಿ ಓಟದಲ್ಲಿ ಪಿರೆಲಿ ಟೈರು ಕಂಪನಿ ಮುಂಗಾಲಿಗೆ 4 ಡಿಗ್ರಿಯನ್ನು ಮೀರಬೇಡಿರೆಂದು ಸಲಹೆ ಕೊಟ್ಟಿತ್ತು. ರೆಡ್ ಬುಲ್ ತಂಡ ಅದನ್ನು ಮೀರಿತು. ಅರ್ಹತಾ ಸುತ್ತು ಮುಗಿಯುವಷ್ಟರಲ್ಲಿ ಟೈರಿನ ಒಳ ಅಂಚು ಬಿಸಿಯಾಗಿ ಬೊಬ್ಬೆ ಎದ್ದಿತ್ತು. ಓಟದಲ್ಲಿ ತಂಡದವರು ಬೇಗನೆ ಟೈರು ಬದಲಿಸಿಕೊಂಡರು; ಅವರ ಸೆಬಾಸ್ಟಿಯನ್ ವೆಟೆಲ್ ಗೆದ್ದೂ ಬಿಟ್ಟನು. ಮೊದಲ ಕೆಲವು ಸುತ್ತುಗಳನ್ನು ಎಂಥ ಆತಂಕದಲ್ಲಿ ಓಡಿಸಿರಬೇಕೆಂಬುದನ್ನು ಮಾತ್ರ ಫಲಿತಾಂಶದ ಪಟ್ಟಿ ಹೇಳುವುದಿಲ್ಲ. ಅಲ್ಲಿ ಟೈರು ಬಾಳಬೇಕಾದುದು ಒಂದು ಓಟದ ಒಂದು ಭಾಗ ಮಾತ್ರ. ಇಡೀ ಓಟವೇ 300 ಕಿಲೋಮೀಟರಿನ ಆಸುಪಾಸು.

ಇನ್ನೊಂದು ಪರಂಪರೆ ವೇಗಕ್ಕೆ ಸಂಬಂಧಪಟ್ಟದ್ದೇ ಅಲ್ಲ. ಎರಡನೆಯ ಮಹಾಯುದ್ಧದ ನಂತರ ಲಾಸ್ ಏಂಜಲೀಸ್ ಮತ್ತು ಸುತ್ತಣ ಊರುಗಳ ಮೆಕ್ಸಿಕನ್ ಮೂಲದ ತರುಣರು ಹಳೆಯ ಕಾರುಗಳ ಸ್ಪ್ರಿಂಗ್ ಕತ್ತರಿಸಿ, ಡಿಕ್ಕಿಯಲ್ಲಿ ಮರಳಿನ ಚೀಲವಿಟ್ಟು ನೆಲಕ್ಕೆ ತಗ್ಗಿಸಿದರು. ತಗ್ಗಾಗಿ, ನಿಧಾನವಾಗಿ, ಎಲ್ಲರೂ ನೋಡುವಂತೆ ಬೀದಿಯಲ್ಲಿ ಸಾಗುವುದು ಅವರ ಉದ್ದೇಶ. ತಮ್ಮನ್ನು ಕಡೆಗಣಿಸಿದ ಊರಿನಲ್ಲಿ ತಾವೂ ಇದ್ದೇವೆಂದು ತೋರಿಸಿಕೊಳ್ಳುವ ಬಗೆ ಅದು. ಕಾರಿನ ಯಾವ ಭಾಗವೂ ಗಾಲಿಯ ರಿಮ್ಮಿನ ಕೆಳ ಅಂಚಿಗಿಂತ ತಗ್ಗಿರಕೂಡದೆಂದು ಕ್ಯಾಲಿಫೋರ್ನಿಯಾ ಸರ್ಕಾರ 1958ರ ಜನವರಿ 1ರಿಂದ ಕಾನೂನು ಮಾಡಿತು. ಮರುವರ್ಷವೇ ರಾನ್ ಅಗೀರೆ ಎಂಬ ತರುಣ ತನ್ನ 1957ರ ಕಾರ್ವೆಟ್ ಕಾರಿಗೆ ವಿಮಾನದ ಹೈಡ್ರಾಲಿಕ್ ಪಂಪುಗಳನ್ನು ಜೋಡಿಸಿದನು. ಪೊಲೀಸರು ಕಂಡರೆ ಕಾರು ಏಳುತ್ತದೆ, ಅವರು ಮರೆಯಾದರೆ ಕೂರುತ್ತದೆ! ತಗ್ಗಿನ ಆ ನಿಷೇಧವನ್ನು ತೆಗೆದುಹಾಕುವ ಮಸೂದೆಗೆ 2023ರ ಅಕ್ಟೋಬರಿನಲ್ಲಿ ಸಹಿ ಬಿದ್ದು, 2024ರ ಜನವರಿ 1ರಿಂದ ಜಾರಿಗೆ ಬಂದಿತು. ಜಪಾನಿನಲ್ಲಿಯೂ ಇಂಥದೇ ಒಂದು ಪಂಥವಿದೆ. ಅಲ್ಲಿ ಗಾಲಿಗಳನ್ನು ಕಣ್ಣಿಗೆ ಹೊಡೆಯುವಷ್ಟು ಒಳಕ್ಕೆ ವಾಲಿಸುವುದಕ್ಕೆ 'ಒನಿಕ್ಯಾನ್' ಎನ್ನುತ್ತಾರೆ. ಒನಿ ಎಂದರೆ ರಾಕ್ಷಸ. ಕ್ಯಾನ್ ಎಂಬುದು ಕ್ಯಾಂಬರಿನ ಮೊಟಕು ರೂಪ. ರಾಕ್ಷಸವಾಲು ಎಂದು ಕನ್ನಡಿಸಬಹುದೇನೋ.

ಈಗ ನಮ್ಮ ಹುಡುಗರ ಪ್ರಶ್ನೆಗೆ ಬರೋಣ. ಗಿಡ್ಡ ಸ್ಪ್ರಿಂಗ್ ಹಾಕಿದಾಗ ಕಾರಿನ ಮೈ ಇಳಿಯುತ್ತದೆ, ಗಾಲಿ ಇದ್ದಲ್ಲೇ ಇರುತ್ತದೆ. ಆಗ ಕೆಳತೋಳಿನ ಓರೆ ಬದಲಾಗಿ ಗಾಲಿಯ ಬುಡವನ್ನು ಹೊರಕ್ಕೆ ನೂಕುತ್ತದೆ. ಗಾಲಿ ಮೇಲುಗಡೆ ಒಳಕ್ಕೆ ವಾಲುತ್ತದೆ. ಟೈರಿನ ಅಗಲ 200 ಮಿಲಿಮೀಟರ್ ಎಂದುಕೊಳ್ಳಿ. ಒಂದು ಡಿಗ್ರಿ ವಾಲಿದರೆ ಎರಡು ಅಂಚುಗಳ ಎತ್ತರದಲ್ಲಿ ಸುಮಾರು 3.5 ಮಿಲಿಮೀಟರ್ ಅಂತರ. ನಾಲ್ಕು ಡಿಗ್ರಿಯಾದರೆ 14. ಹೊಸ ಟೈರಿನ ಬಟನ್ನಿನ ಆಳವೇ ಸುಮಾರು 8 ಮಿಲಿಮೀಟರ್. ರಬ್ಬರು ಅದುಮಿಕೊಳ್ಳುವುದರಿಂದ ಹೊರ ಅಂಚೂ ನೆಲವನ್ನು ಮುಟ್ಟಬಹುದು. ಆದರೆ ಭಾರವೆಲ್ಲ ಒಳ ಅಂಚಿನ ಮೇಲೆಯೇ. ಓಟಗಾರನಿಗೆ ತಿರುವುಗಳೇ ಹೆಚ್ಚು. ಹೆದ್ದಾರಿಯಲ್ಲಿ ನೇರ ಹೋಗುವವನಿಗೆ ಆ ವಾಲಿನಿಂದ ಲಾಭವಿಲ್ಲ, ಸವೆತ ಮಾತ್ರ ಇದೆ.

ಆದರೆ ನಿಜವಾದ ಕಳ್ಳ ಕ್ಯಾಂಬರ್ ಅಲ್ಲ, ಟೋ. ಸ್ಟೀರಿಂಗಿನ ಕಡ್ಡಿ ಒಂದು ವೃತ್ತದಲ್ಲಿಯೂ ಕೆಳತೋಳು ಇನ್ನೊಂದು ವೃತ್ತದಲ್ಲಿಯೂ ಆಡುವುದರಿಂದ, ಕಾರು ತಗ್ಗಿದೊಡನೆ ಗಾಲಿಯ ಮುಖವೂ ತಿರುಗುತ್ತದೆ. ಒಳಕ್ಕೋ ಹೊರಕ್ಕೋ ಎಂಬುದು ಆ ಕಡ್ಡಿ ಇರುವ ಜಾಗವನ್ನು ಅವಲಂಬಿಸಿದೆ. ಒಂದು ಗಾಲಿ ಡಿಗ್ರಿಯ ಹತ್ತನೆಯ ಒಂದು ಭಾಗದಷ್ಟು ಓರೆಯಾಗಿದೆಯೆಂದು ಇಟ್ಟುಕೊಳ್ಳಿ. ಸೈನ್ ಕೋಷ್ಟಕ ನೋಡಿದರೆ ಪ್ರತಿ ಕಿಲೋಮೀಟರಿಗೆ ಆ ಟೈರು ಸುಮಾರು ಒಂದೂಮುಕ್ಕಾಲು ಮೀಟರಿನಷ್ಟು ಅಡ್ಡಕ್ಕೆ ಉಜ್ಜಿದಂತಾಯಿತು. ಬೆಂಗಳೂರಿನಿಂದ ಮೈಸೂರಿಗೆ ಹೋಗುವಷ್ಟರಲ್ಲಿ ಹತ್ತಿರಹತ್ತಿರ 250 ಮೀಟರ್. ಅರ್ಧ ಡಿಗ್ರಿಯಾದರೆ ಒಂದೂಕಾಲು ಕಿಲೋಮೀಟರ್! ವಾಲಿದ ಗಾಲಿಯನ್ನು ಹೀಗೆ ಓರೆಯಾಗಿಯೂ ಎಳೆದರೆ ಒಳ ಅಂಚು ಸಾಣೆಗೆ ಹಿಡಿದ ಚಂದನದಂತೆ ತೇದುಹೋಗುತ್ತದೆ. ಬರೀ ಕ್ಯಾಂಬರಿನ ಸವೆತ ನುಣುಪಾಗಿ ಒಂದೇ ಕಡೆಗೆ ಇಳಿಜಾರಾಗಿರುತ್ತದೆ. ಟೋ ತಪ್ಪಿದ್ದರೆ ಟೈರಿನ ಮೇಲೆ ಅಂಗೈಯನ್ನು ಅಡ್ಡಲಾಗಿ ಎಳೆದಾಗ ಒಂದು ದಿಕ್ಕಿಗೆ ನುಣುಪು, ಮರುದಿಕ್ಕಿಗೆ ಗರಗಸದ ಹಲ್ಲು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೆದ್ದಾರಿಯ ಪಕ್ಕದಲ್ಲಿ ವೀಲ್ ಅಲೈನ್‌ಮೆಂಟ್ ಅಂಗಡಿ ಇಟ್ಟಿದ್ದಾನೆ. ಗಣಿತದಲ್ಲಿ ಹಿಂದೆ ಇದ್ದವನು. ಈಗ ಕೋನಗಳಿಂದಲೇ ಸಂಸಾರ ಸಾಗಿಸುತ್ತಾನೆ. ಒಮ್ಮೆ ಅಲ್ಲಿ ಕುಳಿತಿದ್ದಾಗ ತಗ್ಗಿಸಿದ ಕಾರೊಂದು ಬಂದಿತು. ಮಾಲೀಕ ಮರುದಿನ ಹೆಂಡತಿ ಮಗುವಿನೊಡನೆ ಘಟ್ಟ ಇಳಿಯುವವನಿದ್ದ. ಸ್ಟೀರಿಂಗ್ ಎಳೆಯುತ್ತದೆ, ಟೋ ಸರಿಮಾಡಿ ಸಾಕು ಎಂದ. ಟೈರಿನ ಹೊರ ಅಂಚಿನಲ್ಲಿ ಹೊಸದರ ಗುರುತಾದ ರಬ್ಬರಿನ ಸಣ್ಣ ಕೂದಲುಗಳು ಇನ್ನೂ ಇದ್ದವು. "ಸಾರ್, ಇಲ್ಲಿ ಕೈ ಹಾಕಬೇಡಿ, ಬರೀ ನೋಡಿ" ಎಂದು ನನ್ನ ಶಿಷ್ಯ ಕಾರನ್ನು ಎತ್ತಿ ಒಳಬದಿಗೆ ಟಾರ್ಚು ಹಿಡಿದ. ಅಲ್ಲಿ ರಬ್ಬರೇ ಇರಲಿಲ್ಲ. ಉಕ್ಕಿನ ತಂತಿಗಳು ಮೀಸೆಯಂತೆ ಹೊರಬಂದಿದ್ದವು. ಮುಂದಿನ ಎರಡೂ ಟೈರು ಬದಲಾಯಿಸದೆ ಕಾರಿಗೆ ಕೈ ಹಚ್ಚುವುದಿಲ್ಲವೆಂದ. ವ್ಯಾಪಾರಕ್ಕಾಗಿ ಹೇಳುತ್ತೀಯೆಂದು ಮಾಲೀಕ ಜಗಳಕ್ಕೆ ನಿಂತ. ಕೊನೆಗೆ ಶಿಷ್ಯ ಅವನನ್ನೇ ಕಾರಿನ ಕೆಳಗೆ ಕರೆದು ನಿಲ್ಲಿಸಿದ. ಆತ ಒಂದು ನಿಮಿಷ ಸುಮ್ಮನಿದ್ದು, ಹೊರಗೆ ಬಂದು ಮನೆಗೆ ಫೋನು ಮಾಡಿದ. ಪ್ರಯಾಣ ಎರಡು ದಿನ ಮುಂದಕ್ಕೆ ಹೋಯಿತು.

ನಮ್ಮ ನಿಯಮದ ಪ್ರಕಾರ ಕಾರಿನ ಟೈರಿನ ಬಟನ್ 1.6 ಮಿಲಿಮೀಟರಿಗಿಂತ ಕಡಿಮೆಯಿರಕೂಡದು. ಆದರೆ ದಾರಿಯಲ್ಲಿ ನಿಂತು ನೋಡುವವರಿಗೆ ಕಾಣುವುದು ಹೊರ ಅಂಚು. ತಯಾರಕರು ಕೊಟ್ಟ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಮೋಟಾರು ವಾಹನ ಕಾಯಿದೆಯ 52ನೆಯ ಕಲಮನ್ನು ಆಧರಿಸಿ ತೀರ್ಪು ಕೊಟ್ಟಿದೆ. ಕಾಯಿದೆಯ ಮಾತು ಹಾಗಿರಲಿ, ನಮ್ಮ ರಸ್ತೆಯ ಹಂಪುಗಳೇ ತಗ್ಗಿಸಿದ ಕಾರಿಗೆ ದಿನಕ್ಕೆ ಹತ್ತು ಸಲ ತೀರ್ಪು ಕೊಡುತ್ತವೆ.

ಇಷ್ಟಾದರೂ ತಗ್ಗಿಸಿಯೇ ತೀರುವೆವೆನ್ನುವವರು ಇದ್ದೀರಿ. ನಿಮ್ಮ ಹಟ ನನಗೆ ತರಗತಿಯಿಂದಲೇ ಪರಿಚಿತ. ಶಿಷ್ಯನಿಂದ ಕೇಳಿ ತಿಳಿದದ್ದನ್ನು ಹೇಳುತ್ತೇನೆ. ಹೊಸ ಸ್ಪ್ರಿಂಗ್ ಹಾಕಿದ ಮೇಲೆ ಅದು ಕೆಲವು ದಿನ ಕುಸಿದು ನೆಲೆಗೊಳ್ಳುತ್ತದೆ. ಆಮೇಲೆ ಇನ್ನೊಮ್ಮೆ ಕೋನಗಳನ್ನು ನೋಡಿಸಬೇಕು. ನಮ್ಮ ಹೆಚ್ಚಿನ ಸಣ್ಣ ಕಾರುಗಳಲ್ಲಿ ಸರಿಪಡಿಸಲು ಬರುವುದು ಮುಂಗಾಲಿಯ ಟೋ ಒಂದೇ. ಯಂತ್ರದ ಪರದೆಯ ಮೇಲೆ ಕ್ಯಾಂಬರ್ ಕೆಂಪಾಗಿ ತೋರಿದರೂ, ಅದಕ್ಕೆಂದೇ ಬರುವ ವಿಶೇಷ ಬೋಲ್ಟ್ ಹಾಕಿಸದೆ ಅಂಗಡಿಯವನು ಏನೂ ಮಾಡಲಾರ. ಆದುದರಿಂದ ಟೋ ಹಸಿರಾಯಿತೆಂದು ಹಣ ಕೊಟ್ಟು ಹೊರಡಬೇಡಿ. ಮುದ್ರಿಸಿದ ಚೀಟಿಯನ್ನು ಕೇಳಿ ಪಡೆದು ನಾಲ್ಕು ಗಾಲಿಗಳ ಅಂಕಿಗಳನ್ನೂ ಓದಿ. ತಿಂಗಳಿಗೊಮ್ಮೆ ಸ್ಟೀರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ ನಿಲ್ಲಿಸಿದರೆ ಮುಂಗಾಲಿಯೊಂದರ ಒಳ ಅಂಚು ಕಣ್ಣಿಗೆ ಕಾಣುತ್ತದೆ. ಮರುಕಡೆಗೆ ತಿರುಗಿಸಿದರೆ ಇನ್ನೊಂದರದು. ಹಿಂಗಾಲಿಗೆ ಮಾತ್ರ ಬಗ್ಗಲೇಬೇಕು.

ಕ್ಯಾಸ್ಟರ್ ಎಂಬ ಮೂರನೆಯ ಕೋನವೊಂದಿದೆ. ಅದರಿಂದ ಟೈರು ಅಷ್ಟಾಗಿ ಸವೆಯುವುದಿಲ್ಲವಾದ್ದರಿಂದ ಇಲ್ಲಿ ಎತ್ತಲಿಲ್ಲ. ಸೈಕಲ್ಲನ್ನು ಕೈಬಿಟ್ಟು ಓಡಿಸಬಹುದಾದದ್ದಕ್ಕೂ ಅದಕ್ಕೂ ನಂಟಿದೆ. ಅದನ್ನು ಇನ್ನೊಮ್ಮೆ ಬರೆಯುತ್ತೇನೆ.